ಹೆಸರು ಒಂದೇ, ವ್ಯಕ್ತಿ ಬೇರೆ: ಹಳೆಯ ದಾಖಲೆಗಳಿಂದ ವಂಶಾವಳಿ ಕಟ್ಟುವ ಬಗೆ

ವಂಶಾವಳಿ ಬರೆಯಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ದಾಖಲೆ ಸಿಗದೆ ಅಲ್ಲ, ಸಿಕ್ಕಿದ ದಾಖಲೆಯನ್ನು ತಮ್ಮದೆಂದು ಬೇಗ ನಂಬಿಬಿಡುವುದರಿಂದ. ಮುತ್ತಜ್ಜನ ಹೆಸರೇ ಇರುವ ವ್ಯಕ್ತಿಯೊಬ್ಬ ಅದೇ ಕಾಲದ ನೋಂದಣಿ ಪುಸ್ತಕದಲ್ಲಿ ಕಂಡನೆಂಬ ಒಂದೇ ಕಾರಣಕ್ಕೆ, ಅವನನ್ನೂ ಅವನ ಹಿಂದಿನ ಆರು ತಲೆಮಾರುಗಳನ್ನೂ ತಮ್ಮ ಪಟ್ಟಿಗೆ ಸೇರಿಸಿಕೊಂಡವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಎರಡು ವರ್ಷಗಳ ನಂತರ ಆ ಹುಡುಗ ಮೂರನೆಯ ವಯಸ್ಸಿಗೇ ತೀರಿಕೊಂಡಿದ್ದನೆಂಬುದು ಸಮಾಧಿ ಪುಸ್ತಕದಿಂದ ತಿಳಿದಾಗ, ಅಷ್ಟೂ ಕೆಲಸವನ್ನು ಅವರು ಕೈಬಿಡಬೇಕಾಯಿತು. ಆದ್ದರಿಂದ ಈ ಲೇಖನದಲ್ಲಿ ಸುಲಭದ ಹಂತಗಳನ್ನು ಚುಟುಕಾಗಿ ಮುಗಿಸಿ, ಎಡವುವ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮೊದಲನೆಯದಾಗಿ, ನಿಮ್ಮಿಂದಲೇ ಆರಂಭಿಸಿ ಹಿಂದಕ್ಕೆ ಹೋಗಿ. ಪ್ರಸಿದ್ಧ ಪೂರ್ವಜನೊಬ್ಬನಿಂದ ಆರಂಭಿಸಿ ಕೆಳಕ್ಕೆ ಇಳಿಯಬೇಡಿ. ಮನೆಯ ಹಿರಿಯರ ನೆನಪುಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ, ಮನೆಯಲ್ಲಿರುವ ಪತ್ರ, ಫೋಟೋ ಮತ್ತು ಪ್ರಮಾಣಪತ್ರಗಳನ್ನು ಒಟ್ಟುಮಾಡಿ. ಹಳೆಯ ಕಾಗದಗಳಿಗೆ ಲ್ಯಾಮಿನೇಷನ್ ಮಾಡಿಸುವುದಾಗಲಿ, ಹರಿದಲ್ಲಿ ಅಂಟುಪಟ್ಟಿ ಹಚ್ಚುವುದಾಗಲಿ ಖಂಡಿತ ಬೇಡ. ಲ್ಯಾಮಿನೇಷನ್‌ನ ಶಾಖ ಮತ್ತು ಪ್ಲಾಸ್ಟಿಕ್ ಕಾಗದವನ್ನು ಹಾಳುಮಾಡುತ್ತವೆ, ಅಂಟು ಕಾಲಕ್ರಮದಲ್ಲಿ ಹಳದಿ ಕಲೆಯಾಗಿ ಅಕ್ಷರಗಳನ್ನೇ ನುಂಗುತ್ತದೆ.

ಎರಡನೆಯದಾಗಿ, ನೀವು ಹುಡುಕುವ ನಾಡಿನಲ್ಲಿ ಯಾವ ದಾಖಲೆ ಯಾವ ವರ್ಷದಿಂದ ಇದೆ ಎಂಬುದನ್ನು ಹುಡುಕಾಟಕ್ಕೆ ಮೊದಲೇ ತಿಳಿದುಕೊಳ್ಳಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಜನನ, ಮದುವೆ ಮತ್ತು ಮರಣಗಳ ಸರ್ಕಾರಿ ನೋಂದಣಿ 1837ರ ಜುಲೈ 1ರಂದು ಆರಂಭವಾಯಿತು. ಅದಕ್ಕೂ ಹಿಂದಕ್ಕೆ ಹೋಗಬೇಕಾದರೆ 1538ರ ಆಜ್ಞೆಯಿಂದ ಆರಂಭವಾದ ಚರ್ಚ್ ಪುಸ್ತಕಗಳೇ ಗತಿ. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಬಂದದ್ದು 1855ರಲ್ಲಿ, ಫ್ರಾನ್ಸಿನಲ್ಲಿ 1792ರಲ್ಲಿ. ಜಪಾನಿನಲ್ಲಿ ಇಡೀ ಕುಟುಂಬವನ್ನು ಒಂದು ಘಟಕವಾಗಿ ನಮೂದಿಸುವ ‘ಕೊಸೆಕಿ’ ಪದ್ಧತಿ 1872ರಲ್ಲಿ ದೇಶಾದ್ಯಂತ ಜಾರಿಗೆ ಬಂತು. ಹರಿದ್ವಾರದ ಪಂಡಾಗಳು ಯಾತ್ರಿಕರ ಹೆಸರು, ಊರು ಮತ್ತು ಸಂಬಂಧಗಳನ್ನು ತಲೆಮಾರುಗಳಿಂದ ಬರೆದಿಟ್ಟಿರುವ ವಹಿಗಳು ಸರ್ಕಾರದ ಹೊರಗೇ ಬೆಳೆದ ದಾಖಲೆಗಳು. ಅಮೆರಿಕದ ಜನಗಣತಿ 1790ರಿಂದಲೂ ಇದೆಯಾದರೂ 1840ರವರೆಗಿನ ಪಟ್ಟಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ. ಮನೆಯ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರು ಬಂದದ್ದು 1850ರಲ್ಲಿ. ಇದನ್ನು ಅರಿಯದವರು 1830ರ ಪಟ್ಟಿಯಲ್ಲಿ ಮುತ್ತಜ್ಜಿಯ ಹೆಸರನ್ನು ವಾರಗಟ್ಟಲೆ ಹುಡುಕುತ್ತಾರೆ.

ಕೆಲವು ದಾಖಲೆಗಳು ಇಲ್ಲವೇ ಇಲ್ಲ ಎಂಬುದನ್ನೂ ಮೊದಲೇ ತಿಳಿದಿರುವುದು ಒಳ್ಳೆಯದು. ಡಬ್ಲಿನ್‌ನ ಸರ್ಕಾರಿ ಪತ್ರಾಗಾರ 1922ರಲ್ಲಿ ಸುಟ್ಟುಹೋಯಿತು, ಅಮೆರಿಕದ 1890ರ ಜನಗಣತಿಯ ಬಹುಭಾಗ 1921ರ ಬೆಂಕಿಯಿಂದಾಗಿ ನಷ್ಟವಾಯಿತು, ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 1931ರ ಗಣತಿ ಹಾಳೆಗಳು 1942ರಲ್ಲಿ ಬೂದಿಯಾದವು. ಅಂಥ ಕಡೆಗಳಲ್ಲಿ ಉಯಿಲು, ಜಮೀನು ಪತ್ರ ಮತ್ತು ತೆರಿಗೆ ಪಟ್ಟಿಗಳ ಮೊರೆಹೋಗಬೇಕು.

ಮೂರನೆಯದೇ ಕಷ್ಟದ ಹಂತ. ದಾಖಲೆಯಲ್ಲಿರುವ ಮನುಷ್ಯ ನಿಮ್ಮ ಪೂರ್ವಜನೇ ಎಂಬುದನ್ನು ಸ್ಥಾಪಿಸಬೇಕು, ಮತ್ತು ಇದಕ್ಕೆ ನಾನು ಒಪ್ಪುವ ದಾರಿ ಒಂದೇ: ನಿಮ್ಮವನನ್ನು ಮಾತ್ರ ಹುಡುಕಬೇಡಿ, ಆ ಊರಿನಲ್ಲಿ ಆ ಕಾಲದಲ್ಲಿ ಅದೇ ಹೆಸರಿನಿಂದ ಬದುಕಿದ್ದ ಎಲ್ಲರನ್ನೂ ಹುಡುಕಿ. ಪ್ರತಿಯೊಬ್ಬನಿಗೂ ಒಂದೊಂದು ಹಾಳೆ ತೆಗೆದಿಟ್ಟು, ಹುಟ್ಟು, ಮದುವೆ, ಮಕ್ಕಳು, ಕಸುಬು, ವಾಸದ ಜಾಗ ಮತ್ತು ಸಾವುಗಳನ್ನು ವರ್ಷದ ಕ್ರಮದಲ್ಲಿ ಬರೆಯುತ್ತಾ ಹೋಗಿ. ಒಬ್ಬ ಬಡಗಿ, ಇನ್ನೊಬ್ಬ ನೇಕಾರ. ಒಬ್ಬನ ಹೆಂಡತಿ ಸತ್ತ ವರ್ಷದ ನಂತರವೂ ಇನ್ನೊಬ್ಬನಿಗೆ ಅದೇ ಹೆಸರಿನ ಹೆಂಡತಿಯಲ್ಲಿ ಮಕ್ಕಳಾಗಿವೆ. ಹೀಗೆ ಹಾಳೆಗಳು ತುಂಬಿದಂತೆ, ಒಬ್ಬನೆಂದು ಕಂಡವನು ಇಬ್ಬರಾಗಿ, ಕೆಲವೊಮ್ಮೆ ನಾಲ್ವರಾಗಿ ಬಿಡಿಬಿಡಿಯಾಗುತ್ತಾನೆ. ಜನನದ ದಾಖಲೆ ಸಿಕ್ಕಿದ ದಿನವೇ ಅದೇ ಊರಿನ ಮುಂದಿನ ಹತ್ತು ವರ್ಷಗಳ ಸಮಾಧಿ ಪುಸ್ತಕವನ್ನೂ ನೋಡಿ. ಸತ್ತ ಮಗುವಿನ ಹೆಸರನ್ನು ನಂತರ ಹುಟ್ಟಿದ ಮಗುವಿಗೆ ಮತ್ತೆ ಇಡುವುದು ಅನೇಕ ಕಡೆ ರೂಢಿಯಲ್ಲಿತ್ತು. ಒಂದೇ ತಂದೆತಾಯಿಗಳಿಗೆ ಒಂದೇ ಹೆಸರಿನ ಇಬ್ಬರು ಮಕ್ಕಳು ಕಂಡರೆ ನಿಮ್ಮವನು ಎರಡನೆಯವನಾಗಿರುವ ಸಾಧ್ಯತೆಯೇ ಹೆಚ್ಚು.

ಹೆಸರಿಗಿಂತ ಹೆಸರಿನ ಸುತ್ತಲಿನ ಜನರು ಹೆಚ್ಚು ನಂಬಿಕೆಗೆ ಅರ್ಹರು. ಮದುವೆಗೆ ಸಾಕ್ಷಿ ಹಾಕಿದವರು ಯಾರು, ಪಕ್ಕದ ಮನೆಯವರು ಯಾರು, ಉಯಿಲಿನಲ್ಲಿ ಯಾರ ಪ್ರಸ್ತಾಪವಿದೆ ಎಂಬುದನ್ನು ಬರೆದಿಟ್ಟುಕೊಂಡರೆ, ಒಬ್ಬ ಊರು ಬಿಟ್ಟು ಇನ್ನೊಂದು ಕಡೆ ನೆಲೆಸಿದಾಗಲೂ ಅದೇ ನಾಲ್ಕಾರು ಹೆಸರುಗಳು ಅವನ ಜೊತೆಗೇ ಬರುತ್ತವೆ. ಸಹಿಯೂ ಒಳ್ಳೆಯ ಸಾಕ್ಷ್ಯ. ಇಂಗ್ಲೆಂಡಿನಲ್ಲಿ 1754ರಿಂದ ವಧೂವರರು ಮದುವೆ ಪುಸ್ತಕಕ್ಕೆ ಸಹಿ ಮಾಡಬೇಕಿತ್ತು, ಬರೆಯಲು ಬಾರದವರು ಗುರುತು ಹಾಕಬೇಕಿತ್ತು. ಸ್ಪಷ್ಟವಾಗಿ ಸಹಿ ಮಾಡಿದವನು ಹತ್ತು ವರ್ಷಗಳ ನಂತರ ಇನ್ನೊಂದು ಮದುವೆಯಲ್ಲಿ ಬರಿಯ ಗುರುತು ಹಾಕಿದ್ದರೆ ಅವರು ಬೇರೆಬೇರೆ ಜನರೆಂದು ಅನುಮಾನಿಸಲೇಬೇಕು. ಆದರೆ ಇದು ಮೂಲ ಪುಸ್ತಕಕ್ಕೆ ಮಾತ್ರ ಅನ್ವಯಿಸುತ್ತದೆ, ಏಕೆಂದರೆ ಮೇಲಿನ ಕಚೇರಿಗೆ ಕಳಿಸಿದ ಪ್ರತಿಗಳಲ್ಲಿ ಸಹಿಗಳೂ ನಕಲು ಮಾಡಿದವರ ಕೈಬರಹದಲ್ಲಿಯೇ ಇರುತ್ತವೆ.

ಹಳೆಯ ಪದಗಳನ್ನು ಇಂದಿನ ಅರ್ಥದಲ್ಲಿ ಓದಿದರೆ ಸಂಬಂಧಗಳೇ ತಲೆಕೆಳಗಾಗುತ್ತವೆ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ‘ಸನ್ ಇನ್ ಲಾ’ ಎಂದರೆ ಅಳಿಯನಷ್ಟೇ ಅಲ್ಲ, ಮಲಮಗನೂ ಆಗಿರಬಹುದು. ‘ಸೀನಿಯರ್’ ಮತ್ತು ‘ಜೂನಿಯರ್’ ಎಂದು ಬರೆಸಿಕೊಂಡವರು ತಂದೆಮಗನೇ ಆಗಬೇಕಿಲ್ಲ. ಒಂದೇ ಊರಿನ ಒಂದೇ ಹೆಸರಿನ ಹಿರಿಯ ಮತ್ತು ಕಿರಿಯರನ್ನು ಹಾಗೆ ಬೇರ್ಪಡಿಸುತ್ತಿದ್ದರು, ಹಿರಿಯನು ತೀರಿಕೊಂಡ ಮೇಲೆ ಕಿರಿಯನೇ ಸೀನಿಯರ್ ಆಗುತ್ತಿದ್ದನು.

ವಯಸ್ಸು ಮತ್ತು ದಿನಾಂಕಗಳನ್ನೂ ಕಂಡ ಹಾಗೆ ನಂಬಬಾರದು. ಬ್ರಿಟನ್ನಿನ 1841ರ ಜನಗಣತಿಯಲ್ಲಿ 15 ವರ್ಷ ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. ಅಲ್ಲಿ 35 ಎಂದಿರುವವನಿಗೆ 39 ಆಗಿರಬಹುದು. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಅಧಿಕೃತ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ರಂದು. ಆದ್ದರಿಂದ ಪುಸ್ತಕದಲ್ಲಿ 1720ರ ಫೆಬ್ರವರಿ ಎಂದಿದ್ದರೆ ಅದು ನಮ್ಮ ಲೆಕ್ಕದಲ್ಲಿ 1721. ಈ ಒಂದು ವಿಷಯ ಗೊತ್ತಿಲ್ಲದೆ, 1720ರ ಮೇ ತಿಂಗಳಲ್ಲಿ ಮದುವೆಯಾದ ದಂಪತಿಗೆ ಮದುವೆಗೆ ಮೂರು ತಿಂಗಳ ಮೊದಲೇ ಮಗು ಹುಟ್ಟಿತೆಂದು ಬರೆದಿಟ್ಟವರಿದ್ದಾರೆ. ರಷ್ಯಾ 1918ರವರೆಗೂ ಹಳೆಯ ಪಂಚಾಂಗವನ್ನೇ ಅನುಸರಿಸುತ್ತಿತ್ತು. ಮರಣ ಪ್ರಮಾಣಪತ್ರ ಸಾವಿನ ದಿನಕ್ಕೆ ಗಟ್ಟಿ ಸಾಕ್ಷ್ಯವಾದರೂ, ಅದರಲ್ಲಿರುವ ವಯಸ್ಸು ಮತ್ತು ತಂದೆತಾಯಿಗಳ ಹೆಸರನ್ನು ಹೇಳಿದವರು ಹುಟ್ಟನ್ನು ಕಂಡವರಲ್ಲ; ಅಳಿಯನೋ ನೆರೆಯವರೋ ತಿಳಿದಷ್ಟನ್ನು ಹೇಳಿರುತ್ತಾರೆ.

ಜಾಲತಾಣಗಳಲ್ಲಿ ಇತರರು ಹಾಕಿದ ವಂಶವೃಕ್ಷಗಳನ್ನು ಸುಳಿವಾಗಿ ನೋಡಬಹುದು, ಆದರೆ ನಕಲಿಸಬಾರದು. ಹತ್ತು ವೃಕ್ಷಗಳು ಒಂದೇ ಮಾತನ್ನು ಹೇಳಿದರೂ ಅವೆಲ್ಲ ಒಬ್ಬನ ತಪ್ಪಿನ ಹತ್ತು ಪ್ರತಿಗಳಾಗಿರಬಹುದು. ಫ್ಯಾಮಿಲಿಸರ್ಚ್ ತಾಣದಲ್ಲಿ ಮೂಲ ಪುಟಗಳ ಅಪಾರ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಅಲ್ಲಿಯೂ ಸೂಚಿಯನ್ನಷ್ಟೇ ಓದಿ ನಿಲ್ಲಿಸದೆ ಪುಟವನ್ನೇ ತೆರೆದು ನೋಡಿ. ಮನೆತನದ ಹೆಸರಿಗೊಂದು ಲಾಂಛನವೆಂದು ಚೌಕಟ್ಟು ಹಾಕಿ ಮಾರುವ ವಸ್ತುಗಳಿಗೆ ಹಣ ಕೊಡಬೇಡಿ. ಇಂಗ್ಲೆಂಡಿನಲ್ಲಿ ಲಾಂಛನವನ್ನು ನೀಡುತ್ತಿದ್ದುದು ವ್ಯಕ್ತಿಗೆ ಮತ್ತು ಅವನ ಸಂತತಿಗೆ, ಆ ಅಡ್ಡಹೆಸರಿನ ಎಲ್ಲರಿಗೂ ಅಲ್ಲ. ಡಿಎನ್‌ಎ ಪರೀಕ್ಷೆಯಲ್ಲಿ ಶೇಕಡಾವಾರು ಮೂಲ ಪ್ರದೇಶಗಳ ನಕ್ಷೆಗಿಂತ, ಹೊಂದಿಕೆಯಾದ ಬಂಧುಗಳ ಪಟ್ಟಿಯೇ ನಮ್ಮ ಕೆಲಸಕ್ಕೆ ಬರುವುದು: ತಂದೆ ಅಥವಾ ತಾಯಿಯ ಒಡಹುಟ್ಟಿದವರ ಮಕ್ಕಳೊಡನೆ ಸುಮಾರು ಶೇ 12.5ರಷ್ಟು ಡಿಎನ್‌ಎ ಹಂಚಿಕೆಯಾಗಿರುತ್ತದೆ, ಮತ್ತು ಇದರಿಂದ ಕಾಗದದ ಮೇಲಿನ ಸಂಬಂಧವನ್ನು ಪರಿಶೀಲಿಸಬಹುದು.

ಕೊನೆಯದು ಬರವಣಿಗೆ. ಪ್ರತಿ ಸಂಗತಿಯ ಪಕ್ಕದಲ್ಲಿ ಅದು ಯಾವ ಪತ್ರಾಗಾರದ ಯಾವ ಸಂಪುಟದ ಎಷ್ಟನೆಯ ಪುಟದಿಂದ ಬಂತು ಎಂಬುದನ್ನು, ಸಂಗತಿಯನ್ನು ಬರೆಯುವ ಮೊದಲೇ ಬರೆಯಿರಿ. ಏನೂ ಸಿಗದ ಪುಸ್ತಕಗಳ ಹೆಸರನ್ನೂ ಸೇರಿಸಿ, ಇಲ್ಲವಾದರೆ ಅವುಗಳನ್ನೇ ಮತ್ತೆ ತಿರುವಿಹಾಕುತ್ತೀರಿ. ಸಂಖ್ಯೆ ಕೊಡಲು 1590ರಷ್ಟು ಹಳೆಯದಾದ ಒಂದು ಸರಳ ಕ್ರಮವಿದೆ: ನೀವು 1, ಯಾರದೇ ತಂದೆಗೆ ಅವರ ಸಂಖ್ಯೆಯ ಎರಡರಷ್ಟು, ತಾಯಿಗೆ ಅದಕ್ಕಿಂತ ಒಂದು ಹೆಚ್ಚು. ಹಾಗೆ ನಿಮ್ಮ ತಂದೆ 2, ತಾಯಿ 3, ತಾಯಿಯ ತಾಯಿ 7. ದಾಖಲೆಯಿಂದ ಸ್ಥಾಪಿತವಾದ ಹೆಸರನ್ನು ಶಾಯಿಯಲ್ಲಿಯೂ ಊಹೆಯನ್ನು ಪೆನ್ಸಿಲಿನಲ್ಲಿಯೂ ಬರೆಯಿರಿ, ಮತ್ತು 13ರ ಸ್ಥಾನ ಇನ್ನೂ ತಿಳಿದಿಲ್ಲವಾದರೆ ಅದನ್ನು ಖಾಲಿಯಾಗಿಯೇ ಇರಿಸಿ.