ಓಬಿ ಗುಡ್ಡಕ್ಕೆ ಪಿಕಳಾರ ಬರಬೇಕಾದರೆ

ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲಿನ ಒಂದು ಪಾಲು ತೆಲಂಗಾಣದ ಗೋದಾವರಿ ಕಣಿವೆಯಿಂದ ಬರುತ್ತದೆ. ಅಲ್ಲಿನ ತೆರೆದ ಗಣಿಗಳ ಪಕ್ಕದಲ್ಲಿ ನಿಂತಿರುವ ಬೋಳು ದಿಣ್ಣೆಗಳಿಗೆ ನಾವು ಓಬಿ (ಓವರ್‌ಬರ್ಡನ್) ಗುಡ್ಡ ಎನ್ನುತ್ತೇವೆ. ಕಲ್ಲಿದ್ದಲಿನ ಮೇಲಿದ್ದ ಮರಳುಗಲ್ಲು, ಜೇಡಿಗಲ್ಲುಗಳನ್ನು ಅಗೆದು ಸುರಿದ ರಾಶಿ ಅದು. ಇಲ್ಲಿಗೆ ಕಾಡುಜೀವಿಗಳು ಮರಳಬೇಕಾದರೆ ಸಸಿ ನೆಡುವುದು ಕೊನೆಯ ಕೆಲಸ. ಇಳಿಜಾರು, ಮಣ್ಣು, ಹುಲ್ಲು ಮೊದಲು.

ಟಿಪ್ಪರ್ ಸುರಿದ ರಾಶಿ ಸುಮಾರು 37 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ. ಅದರ ಮೇಲೆ ಬಿತ್ತಿದ್ದೆಲ್ಲ ಮೊದಲ ಮಳೆಗೇ ಬುಡ ಸೇರುತ್ತದೆ. ಮೆಟ್ಟಿಲು ಮಾಡಿ ಒಟ್ಟು ಇಳಿಜಾರನ್ನು 28 ಡಿಗ್ರಿಗೆ ಇಳಿಸಿದೆವು. ಮೆಟ್ಟಿಲು ತುಸು ಒಳಮುಖವಾಗಿಯೇ ವಾಲಿರಬೇಕು. ಹೊರಕ್ಕೆ ವಾಲಿದರೆ ನೀರು ಅಂಚಿನಿಂದ ಧುಮುಕಿ ಕೊರಕಲು ತೆಗೆಯುತ್ತದೆ. ಅಂಚಿನುದ್ದಕ್ಕೂ 15 ಸೆಂಟಿಮೀಟರಿಗೊಂದು ಲಾವಂಚದ ಬುಡ.

ಗಣಿ ತೋಡುವ ಮೊದಲು ಕೆರೆದಿಟ್ಟ ಮೇಲ್ಮಣ್ಣು ಎತ್ತರದ ರಾಶಿಯಲ್ಲಿ ವರ್ಷಗಟ್ಟಲೆ ಬಿದ್ದರೆ ಗಾಳಿಯಾಡದೆ ಅದರಲ್ಲಿ ಜೀವ ಉಳಿದಿರುವುದಿಲ್ಲ. ಆ ರಾಶಿ 2 ಮೀಟರ್ ದಾಟದಿರಲಿ. ಮೇ ಕೊನೆಯಲ್ಲಿ, ಮಣ್ಣು ಒಣಗಿರುವಾಗಲೇ ಗುಡ್ಡದ ಮೇಲೆ 15–20 ಸೆಂಟಿಮೀಟರ್ ದಪ್ಪಕ್ಕೆ ಹರಡಿ. ಒದ್ದೆ ಮಣ್ಣಿನ ಮೇಲೆ ಡೋಜರ್ ಓಡಿದರೆ ನೆಲ ಹೆಂಚಿನಂತೆ ಗಟ್ಟಿಯಾಗಿ ಬೇರು ಇಳಿಯುವುದಿಲ್ಲ. ನಯವಾಗಿ ಮಟ್ಟ ಮಾಡಲೂ ಬೇಡಿ, ತಗ್ಗಿನಲ್ಲಿ ನಿಂತ ನೀರಿಗೇ ಬೀಜ ಮೊಳೆಯುವುದು.

ಕಪ್ಪು ಜೇಡಿಗಲ್ಲು ಕಂಡಲ್ಲಿ ಎಚ್ಚರ. ಅದರಲ್ಲಿ ಉಳಿದ ಕಲ್ಲಿದ್ದಲು ತಾನಾಗಿ ಹೊತ್ತಿ ಒಳಗೊಳಗೇ ಹೊಗೆಯಾಡಬಹುದು. ಜೇಡಿಮಣ್ಣು ಹಾಕಿ ಅದುಮಿ ಗಾಳಿ ತಡೆಯಬೇಕು. ಕಬ್ಬಿಣ, ಗಂಧಕ ಕೂಡಿದ ಪೈರೈಟ್ ಎಂಬ ಖನಿಜ ಇದ್ದರೆ ಆಮ್ಲವೂ ಹುಟ್ಟುತ್ತದೆ. ಒಂದು ಟನ್ ಕಲ್ಲುಮಣ್ಣಿನಲ್ಲಿ ಪೈರೈಟಿನ ಗಂಧಕ ಶೇ. 1ರಷ್ಟಿದ್ದರೆ 31.25 ಕೆ.ಜಿ. ಸುಣ್ಣಕಲ್ಲಿನ ಪುಡಿ ಬೇಕು. ಇಲ್ಲಿನ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಆದ್ದರಿಂದ ತೇಪೆ ತೇಪೆಯಾಗಿ ಪರೀಕ್ಷಿಸಿದರೆ ಸಾಕು.

ಬೇಗ ಹಸಿರು ಕಾಣಲೆಂದು ಅಕೇಶಿಯಾ ತುಂಬುವುದು ದೊಡ್ಡ ತಪ್ಪು. ಮಲೆನಾಡಿನವರಿಗೆ ಆ ತೋಪು ಗೊತ್ತೇ ಇದೆ. ಕಾಲಿಟ್ಟರೆ ಚರಚರ ಎನ್ನುವ ಒಣಗಿದೆಲೆಯ ಹಾಸು, ಕೊಳೆಯುವುದು ನಿಧಾನ, ಕೆಳಗೆ ಹುಲ್ಲಿಲ್ಲ. ಹುಲ್ಲಿಲ್ಲದ ಕಡೆ ಮಿಡತೆಯಿಲ್ಲ, ಮಿಡತೆಯಿಲ್ಲದ ಕಡೆ ಗೌಜಲಕ್ಕಿ ಮರಿ ಬದುಕುವುದಿಲ್ಲ. ನಾವು ಎರಡು ಮಳೆಗಾಲ ಬರೀ ಹುಲ್ಲು ಬೆಳೆಸಿದೆವು. ಇರುವೆ ಹೊತ್ತೊಯ್ಯದಂತೆ ಒಂದು ಪಾಲು ಬೀಜಕ್ಕೆ ಐದು ಪಾಲು ಕೆಮ್ಮಣ್ಣು, ಸ್ವಲ್ಪ ಸಗಣಿ ಸೇರಿಸಿ ಉಂಡೆ ಕಟ್ಟಿ ಬಿತ್ತಿದ್ದು. ಆಮೇಲೆ ಮುತ್ತುಗ, ನೆಲ್ಲಿ, ಬಾರೆ, ಹಿಪ್ಪೆ.

ಜೊತೆಗೆ ಹೆಕ್ಟೇರಿಗೆ ಇಪ್ಪತ್ತರಂತೆ, ಕವಲಿರುವ ಒಣಕೊಂಬೆಗಳನ್ನು ಎರಡಾಳೆತ್ತರ ನೆಟ್ಟೆವು. ಪಿಕಳಾರ, ಮೈನಾ ಅದರ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಕೊಂಬೆಯ ಬುಡಕ್ಕೆ ತಟ್ಟೆಯಂಥ ಗುಂಡಿ ತೋಡಿದರೆ ಮಳೆ ಬಿದ್ದ ಮೇಲೆ ಅದರಲ್ಲಿ ಕವಳೆ, ಅತ್ತಿ, ನೇರಳೆ ಸಸಿಗಳು ಒತ್ತೊತ್ತಾಗಿ ಏಳುತ್ತವೆ. ಅದೇ ಹಕ್ಕಿ ಲಂಟಾನವನ್ನೂ ತರುತ್ತದೆ. ಎಲೆ ಉಜ್ಜಿ ಮೂಸಿದರೆ ಖಾರದ ವಾಸನೆ, ಎಳೆ ಕಾಂಡ ಚೌಕ. ಮೊದಲ ವರ್ಷವೇ ಬೇರುಸಹಿತ ಕಿತ್ತರೆ ಕೈಯಲ್ಲೇ ಬರುತ್ತದೆ, ಮರುವರ್ಷ ಗುದ್ದಲಿ ಬೇಕು. ಬಳ್ಳಾರಿ ಜಾಲಿ ಬರುವುದು ಮೇಕೆ, ದನಗಳ ಹೊಟ್ಟೆಯಿಂದ. ಹಾಗಾಗಿ ಊರವರೊಂದಿಗೆ ಮಾತಾಡಿಕೊಂಡು, ಮೇಯಿಸುವ ಬದಲು ಹುಲ್ಲು ಕೊಯ್ದೊಯ್ಯುವ ಏರ್ಪಾಡು ಮಾಡಿದೆವು.

ನೀರು ತುಂಬಿದ ಗಣಿಗುಂಡಿಯ ಕಡಿದಾದ ಗೋಡೆ ಪ್ರಾಣಿಗಳಿಗೆ ಬಲೆ: ಕುಡಿಯಲು ಇಳಿದದ್ದು ಮೇಲೆ ಬರಲಾಗದೆ ಮುಳುಗುತ್ತದೆ. ಒಂದು ಬದಿಯನ್ನಾದರೂ ಐದು ಮೀಟರಿಗೆ ಒಂದು ಮೀಟರ್ ಇಳಿಯುವಂತೆ ತಗ್ಗಿಸಲೇಬೇಕು. ಜನರ ಓಡಾಟವಿಲ್ಲದ ಕಡೆ ಮೆದುಮಣ್ಣಿನ ಆಳೆತ್ತರದ ದರೆಯೊಂದನ್ನು ಕಳ್ಳಿಪೀರಗಳ ಬಿಲಕ್ಕೆ ಹಾಗೇ ಬಿಡಿ.

ಯಾರು ಬಂದರೆಂದು ತಿಳಿಯಲು ದಾರಿಗೆ ಅಡ್ಡಲಾಗಿ ಒಂದು ಮೀಟರ್ ಅಗಲ ನುಣುಪು ಮಣ್ಣು ಹರಡಿ, ಬಿಸಿಲೇರುವ ಮೊದಲು ನೋಡಿ. ಓರೆಬೆಳಕಿನಲ್ಲಿ ಹೆಜ್ಜೆ ಸ್ಪಷ್ಟ. ಕರಡಿಯ ಹಿಂಗಾಲು ಬರಿಗಾಲಿನ ಮನುಷ್ಯನದೇ ಎನಿಸುತ್ತದೆ. ಬೆರಳುಗಳು ಒಂದೇ ಸಾಲಿನಲ್ಲಿದ್ದು, ಅವುಗಳಿಂದಾಚೆ ಉದ್ದ ಉಗುರಿನ ಗೀರು ಬಿದ್ದಿದ್ದರೆ ಅದು ಕರಡಿ.