ಹಂದಿಮರಿಗೆ ಲಸಿಕೆ: ನಾನು ದಿನ ಗೊತ್ತು ಮಾಡುವ ಬಗೆ

ನಮ್ಮದು ಸೋಮವಾರಪೇಟೆ ಕಡೆಯ ಸಣ್ಣ ಫಾರ್ಮ್. ಯಾರ್ಕ್‌ಶೈರ್ ಹಂದಿಗಳು. ಹೊಸದಾಗಿ ಸಾಕಣೆ ಶುರು ಮಾಡಿದವರು ಫೋನ್ ಮಾಡಿ, "ಅಣ್ಣ, ಹಂದಿ ಜ್ವರದ ಲಸಿಕೆ ಮರಿಗೆ ಎಷ್ಟನೇ ದಿನಕ್ಕೆ ಹಾಕಿಸ್ಬೇಕು?" ಅಂತ ಕೇಳುತ್ತಾರೆ. (ಇಲ್ಲಿ ಹಂದಿ ಜ್ವರ ಅಂದರೆ ಕ್ಲಾಸಿಕಲ್ ಸ್ವೈನ್ ಫೀವರ್ ಅನ್ನುವ ಹಂದಿಗಳ ವೈರಸ್ ರೋಗ, ಹಂದಿ ಫ್ಲೂ ಅಲ್ಲ.) ತಾಯಿಗೆ ಲಸಿಕೆ ಆಗಿದೆಯಾ ಅಂತ ನಾನು ಮೊದಲು ಕೇಳುತ್ತೇನೆ.

ಮನುಷ್ಯರಲ್ಲಿ ಆಗುವ ಹಾಗೆ ಹಂದಿಯಲ್ಲಿ ತಾಯಿಯ ಪ್ರತಿಕಾಯ (ರೋಗದ ವಿರುದ್ಧ ಹೋರಾಡುವ ರಕ್ತದ ಅಂಶ) ಹೊಟ್ಟೆಯೊಳಗಿನ ಮರಿಗೆ ದಾಟುವುದಿಲ್ಲ. ಎಲ್ಲಾ ಬರುವುದು ಗಿಣ್ಣುಹಾಲಿನಿಂದ. ಅದೂ ಮೊದಲ 24 ಗಂಟೆಯಲ್ಲಿ ಕುಡಿದರೆ ಮಾತ್ರ. ಆಮೇಲೆ ಮರಿಯ ಕರುಳು ಅದನ್ನು ರಕ್ತಕ್ಕೆ ಬಿಡುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹಾಗಾಗಿ ಹಂದಿ ಮರಿ ಹಾಕುವಾಗ ನಾನು ಪಕ್ಕದಲ್ಲೇ ಇರುತ್ತೇನೆ. ಗಟ್ಟಿ ಮರಿಗಳು ನುಗ್ಗಿ ಮುಂದಿನ ಮೊಲೆ ಹಿಡಿಯುತ್ತವೆ, ಸಣ್ಣವು ಹಿಂದೆ ಬೀಳುತ್ತವೆ. ಗಟ್ಟಿಯವು ಹೊಟ್ಟೆ ತುಂಬ ಕುಡಿದ ಮೇಲೆ ಗೋಣಿ ಹಾಸಿದ ಬುಟ್ಟಿಗೆ ಹಾಕಿ, ಬಲ್ಬಿನ ಬಿಸಿಗೆ ಒಂದು ಗಂಟೆ ಇಡುತ್ತೇನೆ. ಅಷ್ಟರಲ್ಲಿ ಸಣ್ಣವು ನಿಧಾನವಾಗಿ ಕುಡಿಯುತ್ತವೆ.

ಈ ಪ್ರತಿಕಾಯವೇ ಮುಂದೆ ಲಸಿಕೆಗೆ ಅಡ್ಡ ಬರುತ್ತದೆ. ಹಂದಿ ಜ್ವರದ ಲಸಿಕೆಯಲ್ಲಿರುವುದು ಬಲ ಕುಂದಿಸಿದ ಜೀವಂತ ವೈರಸ್. ಅದು ಮರಿಯ ಮೈಯಲ್ಲಿ ಬೆಳೆದರೆ ತಾನೇ ಕೆಲಸ ಮಾಡುವುದು? ತಾಯಿ ಕೊಟ್ಟ ಪ್ರತಿಕಾಯ ಜಾಸ್ತಿ ಇದ್ದಾಗ ಅದನ್ನು ಬೆಳೆಯಲು ಬಿಡುವುದಿಲ್ಲ. ಮೂರು ವಾರಕ್ಕೇ ಚುಚ್ಚಿಸಿದರೆ ಲಸಿಕೆ ಸುಮ್ನೆ ದಂಡ. ಹಂದಿಗಳ ಇನ್‌ಫ್ಲುಯೆಂಜಾ ಲಸಿಕೆಗೂ ಇದೇ ತೊಡಕು ಇದೆ.

ಲಸಿಕೆ ಆದ ತಾಯಿಯ ಮರಿಗಳಿಗೆ ಎರಡು ತಿಂಗಳು ತುಂಬಿದ ಮೇಲೆ ಹಾಕಿಸುತ್ತೇನೆ. ಲಸಿಕೆ ಆಗದ ತಾಯಿಯಾದರೆ ಅಷ್ಟು ಕಾಯುವುದಿಲ್ಲ. ಡಾಕ್ಟರನ್ನು ಕೇಳಿ ಬೇಗ ಹಾಕಿಸಿ, ಆಮೇಲೆ ಇನ್ನೊಂದು ಸಲ ಕೊಡಿಸುತ್ತೇನೆ.

ನನಗೆ ಜಾಸ್ತಿ ಭಯ ಆರರಿಂದ ಎಂಟನೇ ವಾರದ್ದು. ತಾಯಿಯ ರಕ್ಷಣೆ ಆಗ ತೆಳುವಾಗಿರುತ್ತದೆ. ರೋಗ ತಡೆಯಲು ಸಾಲದು, ಲಸಿಕೆ ಕೆಡಿಸಲು ಸಾಕು! ಆ ದಿನಗಳಲ್ಲಿ ಹೊರಗಿನವರನ್ನು ಶೆಡ್ಡಿಗೆ ಬಿಡುವುದಿಲ್ಲ, ಹೊಸ ಹಂದಿ ತರುವುದಿಲ್ಲ, ಒಳಗೆ ಹಾಕುವ ಬೂಟು ಬೇರೆ. ಹೋಟೆಲ್ ಮುಸುರೆಯನ್ನು ಚೆನ್ನಾಗಿ ಕುದಿಸದೆ ಯಾವತ್ತೂ ಹಾಕುವುದಿಲ್ಲ. ಆಫ್ರಿಕನ್ ಹಂದಿ ಜ್ವರವೇ ಬೇರೆ ರೋಗ, ಅದನ್ನು ಈ ಲಸಿಕೆ ತಡೆಯುವುದಿಲ್ಲ. ಅದಕ್ಕೂ ಇದೇ ಶಿಸ್ತು ಬೇಕು ಅಲ್ವಾ?

ಲಸಿಕೆ ಬರುವುದು ಐಸ್ ಡಬ್ಬಿಯಲ್ಲೇ. ಕಲಸಿದ ಮೇಲೂ ತಣ್ಣಗಿಟ್ಟು ಬೇಗ ಮುಗಿಸುತ್ತೇವೆ. ತಾಯಿ ಹಂದಿಗೆ ಮರಿಗಳ ಹಾಲು ಬಿಡಿಸಿದ ಮೇಲೆ, ಮತ್ತೆ ಗಂಡಿಗೆ ಬಿಡುವ ಮುಂಚೆ ಹಾಕಿಸಿ, ಲೆಕ್ಕದ ಪುಸ್ತಕದಲ್ಲಿ ಅದರ ಪುಟದಲ್ಲಿ ತಾರೀಕು ಬರೆಯುತ್ತೇನೆ. ಮರಿ ಮಾರುವಾಗ ಆ ಪುಟದ ಫೋಟೋ ಕೊಳ್ಳುವವರಿಗೂ ಕಳಿಸುತ್ತೇನೆ. ಮುಂದಿನ ಲಸಿಕೆಯ ಲೆಕ್ಕ ಅವರಿಗೂ ಬೇಕಾಗುತ್ತದೆ.