ಉರುಳಿಸಿದರೆ ಸಾಕು, ಗೊಬ್ಬರ ರೆಡಿ: ಮನೆಯಲ್ಲೇ ಮಾಡುವ ಕಾಂಪೋಸ್ಟ್ ಡ್ರಮ್

ಗೊಬ್ಬರದ ಗುಂಡಿಗೆ ಕಸ ಹಾಕುವುದು ಸುಲಭ, ತಿರುವಿ ಹಾಕುವುದೇ ಕಷ್ಟ. ತಿರುವದೆ ಬಿಟ್ಟರೆ ಒಳಗೆ ಗಾಳಿ ಆಡುವುದಿಲ್ಲ, ಕಸ ಕೊಳೆತು ನಾರುತ್ತದೆ. ಅದೇ ಕಸವನ್ನು ಡ್ರಮ್ಮಿಗೆ ತುಂಬಿ ನೆಲದ ಮೇಲೆ ಉರುಳಿಸಿದರೆ ಗುದ್ದಲಿಯೂ ಬೇಡ, ಸೊಂಟ ಬಗ್ಗಿಸುವ ಕೆಲಸವೂ ಇಲ್ಲ.

120 ಲೀಟರಿನ ಪ್ಲಾಸ್ಟಿಕ್ ಡ್ರಮ್ ತೆಗೆದುಕೊಳ್ಳಿ. 200 ಲೀಟರಿನದೂ ಆಗುತ್ತದೆ, ಆದರೆ ಹಸಿ ಕಸ ತುಂಬಿದ ಮೇಲೆ ಅದನ್ನು ಒಬ್ಬರೇ ಉರುಳಿಸುವುದು ಕಷ್ಟ. ಮುಚ್ಚಳ ಪೂರ್ತಿ ತೆರೆಯುವಂತಿರಬೇಕು, ಸುತ್ತ ಬಿಗಿಯುವ ಲೋಹದ ಪಟ್ಟಿ ಇರಬೇಕು. ಸುಮ್ನೆ ಒತ್ತಿ ಕೂರಿಸುವ ಮುಚ್ಚಳವಾದರೆ ಉರುಳಿಸುವಾಗ ಕಳಚಿ ಬೀಳುತ್ತದೆ. ಮೊದಲು ಅದರಲ್ಲಿ ಏನಿತ್ತು ಎಂದು ಕೇಳಿ ತಿಳಿದುಕೊಳ್ಳಿ. ಆಹಾರ ಪದಾರ್ಥ ತುಂಬಿದ್ದ ಡ್ರಮ್ ಒಳ್ಳೆಯದು. ಕೀಟನಾಶಕ, ಆಸಿಡ್, ಎಣ್ಣೆ ಇದ್ದದ್ದು ಎಷ್ಟು ತೊಳೆದರೂ ಬೇಡ.

ಈಗ ತೂತು. ಸುತ್ತಲೂ 15 ಸೆಂ.ಮೀ.ಗೆ ಒಂದರಂತೆ ಗುರುತು ಹಾಕಿ. ಮೊದಲು ಡ್ರಿಲ್ಲಿಗೆ ಸಣ್ಣ ಬಿಟ್ (ಕೊರೆಯುವ ಮೊನೆ) ಹಾಕಿ ಕೊರೆದು, ಆಮೇಲೆ 10-12 ಮಿ.ಮೀ. ಬಿಟ್ ಹಾಕಿ. ತಳಕ್ಕೂ ಮುಚ್ಚಳಕ್ಕೂ ನಾಲ್ಕಾರು ತೂತು ಇರಲಿ. ಕೊರೆಯುವಾಗ ಸುರುಳಿ ಸುರುಳಿಯಾಗಿ ಪ್ಲಾಸ್ಟಿಕ್ ಚೂರು ಬೀಳುತ್ತವೆ. ಕೆಳಗೆ ಬಟ್ಟೆ ಹಾಸಿ, ಒಂದನ್ನೂ ಬಿಡದೆ ಆರಿಸಿ ತೆಗೆಯಿರಿ. ಅವು ಮಣ್ಣಿಗೆ ಸೇರಿದರೆ ಕರಗುವುದೇ ಇಲ್ಲ.

ಮುಂದಿನ ಕೆಲಸವನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ನಾನೂ ಮೊದಲ ಸಲ ಬಿಟ್ಟಿದ್ದೆ. ಡ್ರಮ್ಮಿನ ಒಳಗೋಡೆ ನುಣುಪು. ಡ್ರಮ್ ಉರುಳುತ್ತಿತ್ತು, ಕಸ ಮಾತ್ರ ತಳದಲ್ಲೇ ಜಾರಿಕೊಂಡು ಕೂತಿತ್ತು. ಎರಡು ವಾರ ಬಿಟ್ಟು ತೆರೆದರೆ ಮುಷ್ಟಿಗಾತ್ರದ ಉಂಡೆಗಳು. ಒಂದನ್ನು ಒಡೆದೆ. ಹೊರಗೆ ಕಪ್ಪು, ನಡುವೆ ಇನ್ನೂ ಹಸಿರು ಹುಲ್ಲು, ಜೊತೆಗೆ ಹುಳಿ ವಾಸನೆ. ಗಾಳಿ ಒಳಗೆ ಹೋಗಿಯೇ ಇರಲಿಲ್ಲ. ಹಾಗಾಗಿ 5 ಸೆಂ.ಮೀ. ಅಗಲದ ಮರದ ಪಟ್ಟಿ ಮೂರನ್ನು ಒಳಗೋಡೆಗೆ ಉದ್ದುದ್ದಕ್ಕೆ ಅಂಚಿನ ಮೇಲೆ ನಿಲ್ಲಿಸಿ, ಎಲ್-ಕ್ಲ್ಯಾಂಪ್ (L ಆಕಾರದ ಲೋಹದ ಹಿಡಿಕೆ) ಮತ್ತು ಬೋಲ್ಟ್ ಹಾಕಿ ಬಿಗಿಯಿರಿ. ಬೋಲ್ಟಿನ ದುಂಡು ತಲೆ ಹೊರಗಿರಲಿ, ನಟ್ಟು ಒಳಗಿರಲಿ. ಆಗ ಉರುಳಿಸುವಾಗ ಏನೂ ತಡೆಯುವುದಿಲ್ಲ. ಪಟ್ಟಿಗಳು ಕಸವನ್ನು ಮೇಲಕ್ಕೆತ್ತಿ ಕೆಳಗೆ ಬೀಳಿಸುತ್ತವೆ. ಹಾಗೆ ಬೀಳುವಾಗಲೇ ಅಲ್ವಾ ಕಸಕ್ಕೆ ಗಾಳಿ ತಾಗುವುದು?

ಅದಕ್ಕೇ ಡ್ರಮ್ಮನ್ನು ಕಂಠಮಟ್ಟ ತುಂಬಬೇಡಿ. ಮೂರರಲ್ಲಿ ಎರಡು ಭಾಗ ಸಾಕು. ಬೀಳಲು ಜಾಗವೇ ಇಲ್ಲದಿದ್ದರೆ ಎಷ್ಟು ಉರುಳಿಸಿಯೂ ಪ್ರಯೋಜನವಿಲ್ಲ.

ತುಂಬುವುದು ಹೀಗೆ: ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ಒಣ ಕಸ. ತರಕಾರಿ ಸಿಪ್ಪೆ, ಹಸಿ ಹುಲ್ಲಿನಲ್ಲಿ ಸಾರಜನಕ ಜಾಸ್ತಿ. ತರಗೆಲೆ, ಹರಿದ ರಟ್ಟು, ಮರದ ಹೊಟ್ಟಿನಲ್ಲಿ ಇಂಗಾಲ ಜಾಸ್ತಿ. ಕಸ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25-30 ಪಾಲು ಇಂಗಾಲ ಇದ್ದರೆ ಹದ (ಇದು ಬುಟ್ಟಿಯ ಲೆಕ್ಕವಲ್ಲ, ಕಸದೊಳಗಿನ ಅಂಶಗಳ ತೂಕದ ಲೆಕ್ಕ). ಎಲ್ಲವನ್ನೂ ಸಣ್ಣಗೆ ಕತ್ತರಿಸಿ ಹಾಕಿ, ಮೇಲೆ ಎರಡು ಹಿಡಿ ಹಳೆ ಗೊಬ್ಬರ ಉದುರಿಸಿ. ಮಾಂಸ, ಹಾಲಿನ ಪದಾರ್ಥ, ಎಣ್ಣೆ ಬೇಡ. ಬೀಜ ಕಟ್ಟಿದ ಕಳೆಯನ್ನೂ ಹಾಕಬೇಡಿ. ಸಣ್ಣ ಡ್ರಮ್ ದೊಡ್ಡ ರಾಶಿಯಷ್ಟು ಬಿಸಿಯಾಗುವುದಿಲ್ಲ, ಬೀಜ ಸಾಯದೆ ಉಳಿಯಬಹುದು.

ತೇವ ನೋಡಲು ಕೈಯೇ ಸಾಕು. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ನೀರು ಸುರಿದರೆ ತರಗೆಲೆ ಸೇರಿಸಿ, ಪುಡಿಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ. ಮೂಗಿಗೆ ಅಮೋನಿಯ ಘಾಟು ಹೊಡೆದರೆ ಹಸಿ ಕಸ ಜಾಸ್ತಿಯಾಗಿದೆ ಎಂದೇ ಅರ್ಥ.

ಮುಚ್ಚಳ ಬಿಗಿದು, ಸಮತಟ್ಟಾದ ಜಾಗದಲ್ಲಿ ಮಲಗಿಸಿ, ಎರಡೂ ಕಡೆ ಇಟ್ಟಿಗೆ ಇಡಿ. ಎರಡು ಮೂರು ದಿನಕ್ಕೊಮ್ಮೆ ನಾಲ್ಕೈದು ಸುತ್ತು ಉರುಳಿಸಿ. ಇಳಿಜಾರಿನಲ್ಲಿ ಮಾತ್ರ ಬೇಡ, ಮಕ್ಕಳಿದ್ದರಂತೂ ಬೇಡವೇ ಬೇಡ.

ಡ್ರಮ್ ತುಂಬಿದ ಮೇಲೆ ಹೊಸ ಕಸ ಹಾಕುವುದನ್ನು ನಿಲ್ಲಿಸಿ. ಇಲ್ಲದಿದ್ದರೆ ಅರ್ಧ ಮಾಗಿದ್ದು, ಅರ್ಧ ಹಸಿ ಹಾಗೇ ಉಳಿಯುತ್ತದೆ. ಸಾಧ್ಯವಾದರೆ ಇನ್ನೊಂದು ಡ್ರಮ್ ಮಾಡಿಕೊಳ್ಳಿ. ಎರಡು ಮೂರು ತಿಂಗಳಲ್ಲಿ ಕಸ ಕಪ್ಪಾಗಿ, ಮಣ್ಣಿನ ವಾಸನೆ ಬರುತ್ತದೆ. ಹೊರಗೆ ಸುರಿದು, ನೆರಳಲ್ಲಿ ಮೂರು ನಾಲ್ಕು ವಾರ ಮಾಗಲು ಬಿಟ್ಟು, ಆಮೇಲೆ ಜರಡಿ ಹಿಡಿದು ಗಿಡಗಳಿಗೆ ಹಾಕಿ. ಜರಡಿಯಲ್ಲಿ ಉಳಿದ ಕಡ್ಡಿ, ಚೂರುಗಳನ್ನು ಮುಂದಿನ ಡ್ರಮ್ಮಿಗೆ ಹಾಕಿ.